ತಪ್ಪು ಮಾಡಲೊಂದು ಕೋಣೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಎರಡನ್ನೂ ಮಾಡಿ ಕೈಸುಟ್ಟುಕೊಂಡವರೇ ಆ ಮಾತನ್ನು ಆಡಿರಬೇಕು. ಕಟ್ಟುವ ಕಷ್ಟ ಬೇಡವೆನ್ನುವವರು ಕಟ್ಟಿದ ಮನೆಯನ್ನೇ ಕೊಳ್ಳುತ್ತಾರೆ. ಅದರಲ್ಲಿಯೂ ತೊಡಕಿಲ್ಲದೆ ಇಲ್ಲ. ಯಾವ ಗೋಡೆ ಮಳೆಗಾಲದಲ್ಲಿ ಒಸರುತ್ತದೆ, ಮುಂಬಾಗಿಲ ಬೀಗದ ಕೈ ಹಿಂದಿನವರ ಬಳಿ ಇನ್ನೊಂದು ಉಳಿದಿದೆಯೇ, ಬಾವಿಯ ನೀರು ಬೇಸಗೆಗೆ ನಿಲ್ಲುತ್ತದೆಯೇ ಎಂಬುದೆಲ್ಲ ಗೃಹಪ್ರವೇಶವಾದ ಮೇಲೆ ಒಂದೊಂದಾಗಿ ತಿಳಿದುಬರುವ ಸಂಗತಿಗಳು. ಆದರೂ ಕಟ್ಟಿದ ಮನೆಗೆ ಒಂದು ಸೌಕರ್ಯವುಂಟು: ಕಾಲಿಟ್ಟ ದಿನವೇ ಹಾಲುಕ್ಕಿಸಬಹುದು.

ಮೈಸೂರಿನ ಸರಸ್ವತೀಪುರದ ರಾಯರ ಮನೆಗೆ ಇಂಥದೊಂದು ಕಟ್ಟಿದ ಮನೆ ಬಂದಿತು. ಬಂದದ್ದು ಲಾರಿಯಲ್ಲಿ ಅಲ್ಲ, ಹೆಬ್ಬೆರಳಿನಷ್ಟು ದೊಡ್ಡ ಪೆನ್‌ಡ್ರೈವ್ ಒಂದರಲ್ಲಿ. ಅದು ಇಟ್ಟಿಗೆ ಗಾರೆಯ ಮನೆಯಲ್ಲ, ಯಂತ್ರದೊಳಗಿನ ಯಂತ್ರ. ತಿಳಿದವರು ಅದನ್ನು ವರ್ಚುವಲ್ ಮೆಷಿನ್ ಎನ್ನುತ್ತಾರೆ.

ರಾಯರು ಬ್ಯಾಂಕಿಗೆ ಗುಮಾಸ್ತರಾಗಿ ಸೇರಿ, ಮ್ಯಾನೇಜರಾಗಿ ನಿವೃತ್ತರಾದವರು. ಮೂವತ್ತನಾಲ್ಕು ವರ್ಷ ಇತರರ ಹಣವನ್ನು ಎಣಿಸಿದ ಕೈ ಅವರದು. ಲೆಕ್ಕ ತಪ್ಪಬಾರದು ಎಂಬುದು ಅವರಿಗೆ ಉದ್ಯೋಗದ ನಿಯಮವಾಗಿ ಆರಂಭವಾಗಿ ಕೊನೆಗೆ ಸ್ವಭಾವವೇ ಆಗಿಬಿಟ್ಟಿತ್ತು. ಹಜಾರದ ಮೂಲೆಯಲ್ಲಿ, ರಾಘವೇಂದ್ರಸ್ವಾಮಿಗಳ ಪಟದ ಕೆಳಗೆ, ಅವರ ಪತ್ನಿ ಹೊಲಿದ ಹೂವಿನ ಗೌಸು ಹೊದ್ದುಕೊಂಡು ಮನೆಯ ಒಂದೇ ಒಂದು ಕಂಪ್ಯೂಟರು ಕುಳಿತಿತ್ತು. ತೆರಿಗೆಯ ಕಾಗದ, ಮನೆಗಂದಾಯದ ರಸೀದಿ, ಮಗಳ ಜಾತಕ, ಬಂಧುಗಳ ಮದುವೆಯ ಚಿತ್ರಗಳು ಎಲ್ಲವೂ ಅದರಲ್ಲಿದ್ದವು. ಅದನ್ನು ತೆರೆಯುವ ಗುಪ್ತಪದ ರಾಯರಿಗೆ ಮಾತ್ರ ತಿಳಿದಿತ್ತು. ಕಂಪ್ಯೂಟರ್ ವಿಜ್ಞಾನವನ್ನೇ ಓದುತ್ತಿದ್ದ ಮಗಳು ಅದನ್ನು ಕೇಳಿರಲಿಲ್ಲ, ರಾಯರು ಹೇಳಿರಲೂ ಇಲ್ಲ.

ಅದಕ್ಕೆ ಕಾರಣವಿತ್ತು. ನಾಲ್ಕು ವರ್ಷಗಳ ಹಿಂದೆ ಅವಳು ಎರಡನೆಯ ಪಿ. ಯು. ಸಿ.ಯಲ್ಲಿದ್ದಾಗ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯೊಂದರ ಹೆಸರು ಅವಳ ಕಿವಿಗೆ ಬಿದ್ದಿತು. ಕಾಸು ಕೊಡಬೇಕಾಗಿಲ್ಲ, ಬಿಚ್ಚಿ ನೋಡಲು ಯಾರ ಅಡ್ಡಿಯೂ ಇಲ್ಲ ಎಂದರೆ ಹದಿನೇಳರ ವಯಸ್ಸು ಸುಮ್ಮನಿದ್ದೀತೇ? ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ವಿಂಡೋಸ್ ಪಕ್ಕದಲ್ಲಿಯೇ ಅದನ್ನೂ ನೆಲೆಗೊಳಿಸಲು ಹೊರಟಳು. ನಡುವೆ ತೆರೆಯ ಮೇಲೆ ಒಂದು ಪ್ರಶ್ನೆ ಬಂದಿತು: ಹಳೆಯದರ ಪಕ್ಕದಲ್ಲಿ ಇರಿಸಬೇಕೋ, ಡಿಸ್ಕನ್ನು ಪೂರ್ತಿ ಅಳಿಸಿ ಇರಿಸಬೇಕೋ? ಅವಸರದ ಬೆರಳು ಎರಡನೆಯದನ್ನು ಒತ್ತಿತು. ಅರ್ಧ ಗಂಟೆಯೊಳಗೆ ಬಣ್ಣಬಣ್ಣದ ಹೊಸ ತೆರೆ ಮೂಡಿತು. ಅವಳು ಹಿಗ್ಗಿನಿಂದ ಎಲ್ಲರೂ ಬರುವುದನ್ನೇ ಕಾದು, ತಂದೆಯನ್ನು ಕೈಹಿಡಿದು ಕರೆತಂದು ತೋರಿಸಿದಳು.

ರಾಯರು ನೋಡಿದರು. ಕೇಳಿದ್ದು ಒಂದೇ ಮಾತು: "ಅಮ್ಮನ ಹಾಡು ಎಲ್ಲಿದೆ?"

ರಾಯರ ತಾಯಿ ಹೊಳೆನರಸೀಪುರದ ಕಡೆಯವರು. ಹಸೆಯ ಹಾಡು, ಆರತಿಯ ಹಾಡು, ಉರುಟಣೆಯ ಹಾಡು ಎಂದು ಯಾವ ಪುಸ್ತಕದಲ್ಲಿಯೂ ಇಲ್ಲದ ಹಾಡುಗಳು ಅವರ ಬಾಯಲ್ಲಿದ್ದವು. ಒಂದು ಬೇಸಗೆಯ ಎರಡು ಮಧ್ಯಾಹ್ನ ಕೂರಿಸಿಕೊಂಡು ರಾಯರು ನಲವತ್ತೊಂದು ಹಾಡುಗಳನ್ನು ಫೋನಿನಲ್ಲಿ ಹಿಡಿದು, ಕಂಪ್ಯೂಟರಿಗೆ ಸೇರಿಸಿದ್ದರು. ಮುಂದಿನ ದೀಪಾವಳಿಗೆ ಆ ತಾಯಿ ಇರಲಿಲ್ಲ. ಫೋನೂ ಹಳತಾಯಿತೆಂದು ಅಂಗಡಿಗೆ ಹೋಗಿತ್ತು. ಡಿಸ್ಕನ್ನು ತಜ್ಞರೊಬ್ಬರಿಗೆ ಕೊಟ್ಟಾಗ ಚಿತ್ರಗಳಲ್ಲಿ ಅರ್ಧದಷ್ಟು ಹಿಂದಿರುಗಿದವು. ಹಾಡು ಒಂದೂ ಬರಲಿಲ್ಲ.

ರಾಯರು ಬೈಯಲಿಲ್ಲ. ಬೈದಿದ್ದರೆ ಎಂಟು ದಿನಕ್ಕೆ ಮರೆತುಹೋಗುತ್ತಿತ್ತೋ ಏನೋ. ಅವರು ಸುಮ್ಮನಾದರು. ದುರಸ್ತಿಯಾಗಿ ಬಂದ ಕಂಪ್ಯೂಟರಿಗೆ ಗುಪ್ತಪದ ಹಾಕಿದರು. ಅಂದಿನಿಂದ ಹಜಾರದ ಆ ಮೂಲೆಯನ್ನು ದಾಟುವಾಗ ಮಗಳು ಅತ್ತ ನೋಡುತ್ತಿರಲಿಲ್ಲ. ಪದವಿಯ ಮೂರು ವರ್ಷದ ಅಭ್ಯಾಸವೆಲ್ಲ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಗೆಳತಿಯರ ಮನೆಗಳಲ್ಲಿಯೂ ನಡೆಯಿತು. ಎಂ. ಎಸ್‌ಸಿ.ಗೆ ಸೇರಿದ ಮೇಲೆ ಸಂಜೆ ಏಳಾದರೂ ಮಗಳು ಮನೆಗೆ ಬಾರದಿರುವುದನ್ನು ಕಂಡು ತಾಯಿಯ ಸಹನೆ ತೀರಿತು.

"ಅಲ್ಲಾಂದ್ರೆ, ಮನೆಯಲ್ಲಿ ಯಂತ್ರ ಇಟ್ಟುಕೊಂಡು ಮಗಳು ಊರವರ ಬಾಗಿಲು ತಟ್ಟಬೇಕೇ? ಹೋದದ್ದು ನಿಮ್ಮ ಅಮ್ಮನ ಹಾಡು, ನಿಜ. ಅವಳಿಗೂ ಅವರು ಅಜ್ಜಿಯೇ ಅಲ್ಲವೇ?"

ರಾಯರು ಉತ್ತರ ಕೊಡಲಿಲ್ಲ. ಆ ಶನಿವಾರ ಸಂಜೆ ಮಗಳು ಬಂದಾಗ ಗೌಸು ತೆಗೆದಿತ್ತು. ಕಂಪ್ಯೂಟರಿನ ಮುಂದೆ ಒಂದರ ಬದಲು ಎರಡು ಕುರ್ಚಿಗಳಿದ್ದವು.

"ನಿನಗೆ ಬೇಕಾದ್ದು ಏನಮ್ಮ? ನನಗೆ ತಿಳಿಯುವ ಹಾಗೆ ಹೇಳು" ಎಂದರು.

ಅವಳು ಹೇಳಿದಳು. ಕಾಲೇಜಿನ ವಿಭಾಗದವರು ಲಿನಕ್ಸನ್ನೂ ಪಾಠಕ್ಕೆ ಬೇಕಾದ ಸಾಧನಗಳನ್ನೂ ಸೇರಿಸಿ ಪೂರ್ತಿ ಸಿದ್ಧವಾದ ಯಂತ್ರವೊಂದನ್ನು ಕಟ್ಟಿ, ಒಂದೇ ಕಡತವಾಗಿ ಮಡಿಸಿ, ವಿದ್ಯಾರ್ಥಿಗಳಿಗೆ ಹಂಚಿದ್ದರು. ಇಂಥ ಮೂಟೆಗೆ ಓವಿಎ ಎಂದು ಹೆಸರು. ಅದರೊಳಗೆ ಯಂತ್ರದ ವಿವರಗಳ ಒಂದು ಪಟ್ಟಿ, ಅದರ ಡಿಸ್ಕಿನ ಪ್ರತಿರೂಪ, ಇವೆರಡೂ ಕೆಡದೆ ಬಂದಿವೆಯೇ ಎಂದು ತಾಳೆ ನೋಡುವ ಸಣ್ಣ ಚೀಟಿ ಇರುತ್ತವೆ. ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದಂತೆಯೇ ಇರುತ್ತದೆ; ಅದರ ಮೇಲೆ ಒಂದು ಕಿಟಕಿಯಲ್ಲಿ ಲಿನಕ್ಸ್ ನಡೆಯುತ್ತದೆ.

"ಒಳಗಿನ ಯಂತ್ರಕ್ಕೆ ತಾನು ಒಳಗಿದ್ದೇನೆ ಎಂದು ಗೊತ್ತಿರಬೇಕಾಗಿಲ್ಲ ಅಪ್ಪ. ತನ್ನದೇ ಡಿಸ್ಕು ಎಂದು ಅದು ತಿಳಿದಿರುವುದು ನಮ್ಮ ಡಿಸ್ಕಿನ ಮೇಲಿರುವ ಒಂದು ದೊಡ್ಡ ಕಡತ, ಅಷ್ಟೆ. ಅದು ಏನು ಅಳಿಸಿದರೂ ಆ ಕಡತದೊಳಗೇ ಅಳಿಸಬೇಕು."

"ಬಾವಿಯ ಕಪ್ಪೆ ಅನ್ನು" ಎಂದರು ರಾಯರು.

ಕೂಪಮಂಡೂಕವೆಂದು ಎಲ್ಲರೂ ಹಳಿಯುವುದುಂಟು. ಇಲ್ಲಿ ಮಾತ್ರ ಆ ಕಪ್ಪೆಯ ಅಜ್ಞಾನವೇ ಮನೆಯವರೆಲ್ಲರಿಗೆ ಕ್ಷೇಮ.

ಈ ಉಪಾಯ ಇಂದು ನಿನ್ನೆಯದಲ್ಲ. 1960ರ ದಶಕದಲ್ಲಿ ದೊಡ್ಡ ಕಂಪ್ಯೂಟರೊಂದು ಇಡೀ ಕೋಣೆಯನ್ನೇ ತುಂಬುತ್ತಿತ್ತು. ಅದನ್ನು ಒಬ್ಬೊಬ್ಬರಿಗೆ ಒಂದೊಂದರಂತೆ ಕೊಡುವುದು ಕನಸಿನ ಮಾತು. ಆಗ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದವರು, ಒಂದೇ ಯಂತ್ರ ಹಲವರಿಗೆ ಹಲವು ಯಂತ್ರಗಳಾಗಿ ತೋರುವ ತಂತ್ರವನ್ನು ರೂಪಿಸಿದರು. ಕುಳಿತ ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನದೇ ಎಂಬ ಭಾವನೆ! 1972ರಲ್ಲಿ ಐಬಿಎಂ ಆ ವಿದ್ಯೆಯನ್ನು ವಿಎಂ/370 ಎಂಬ ಹೆಸರಿನಲ್ಲಿ ಪ್ರಕಟಿಸಿತು. ಅದು ಮೇಜಿನ ಮೇಲಿನ ಸಾಧಾರಣ ಕಂಪ್ಯೂಟರಿಗೆ ಇಳಿದುಬರಲು ಮತ್ತೆ ಇಪ್ಪತ್ತೇಳು ವರ್ಷ ಹಿಡಿಯಿತು. 1998ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ವಿಎಂವೇರ್ ಸಂಸ್ಥೆ 1999ರಲ್ಲಿ ಅಂಥ ತಂತ್ರಾಂಶವನ್ನು ಹೊರತಂದಿತು. 2007ರಲ್ಲಿ ಜರ್ಮನಿಯ ಇನ್ನೊಟೆಕ್ ಎಂಬ ಸಂಸ್ಥೆ ವರ್ಚುವಲ್‌ಬಾಕ್ಸ್ ಎಂಬುದನ್ನು ಸಾರ್ವಜನಿಕರ ಮುಂದಿಟ್ಟಿತು. ಅದು 2008ರಲ್ಲಿ ಸನ್ ಸಂಸ್ಥೆಗೂ 2010ರಲ್ಲಿ ಒರಾಕಲ್ ಸಂಸ್ಥೆಗೂ ಸೇರಿತು. ಮನೆತನ ಬದಲಾದರೂ ಹೆಸರು ಬದಲಾಗಲಿಲ್ಲ. ರಾಯರ ಮಗಳು ಆರಿಸಿದ್ದು ಅದನ್ನೇ. ಅದರ ಮೂಲಭಾಗಕ್ಕೆ ಹಣ ಕೊಡಬೇಕಾಗಿಲ್ಲ.

ಮೊದಲ ತೊಡಕು ಹೊಸ್ತಿಲಲ್ಲಿಯೇ ಎದುರಾಯಿತು. ಒಳಗೊಂದು ಯಂತ್ರವನ್ನು ವೇಗವಾಗಿ ನಡೆಸಲು ಬೇಕಾದ ಶಕ್ತಿಯನ್ನು ಇಂಟೆಲ್ ಸಂಸ್ಥೆ 2005ರಿಂದಲೂ ಎಎಂಡಿ ಸಂಸ್ಥೆ 2006ರಿಂದಲೂ ತಮ್ಮ ಪ್ರೊಸೆಸರುಗಳಲ್ಲಿ ಅಳವಡಿಸುತ್ತ ಬಂದಿವೆ. ಆದರೆ ಎಷ್ಟೋ ಕಂಪ್ಯೂಟರುಗಳಲ್ಲಿ ಆ ಶಕ್ತಿ ಇದ್ದೂ ನಿದ್ರಿಸುತ್ತಿರುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ ರಾಯರ ಕಂಪ್ಯೂಟರಿನದೂ ಹಾಗೆಯೇ ಆರಿಸಿಟ್ಟಿತ್ತು. ಅದನ್ನು ಎಬ್ಬಿಸಬೇಕಾದರೆ ಕಂಪ್ಯೂಟರು ಏಳುವ ಮೊದಲ ಕ್ಷಣದಲ್ಲಿಯೇ ಒಂದು ಗುಂಡಿಯನ್ನು ಒತ್ತಿ ಬಯಾಸ್ ಎಂಬ ಮೂಲ ವ್ಯವಸ್ಥೆಯೊಳಕ್ಕೆ ಹೋಗಬೇಕು. ಗುರುತಿಲ್ಲದ ತೆರೆ ಮೂಡಿದೊಡನೆ ರಾಯರ ಕೈ ತಾನಾಗಿಯೇ ಮೇಜಿನ ಅಂಚನ್ನು ಹಿಡಿಯಿತು. ನಾಲ್ಕು ವರ್ಷದ ಹಿಂದಿನ ಮಧ್ಯಾಹ್ನ ಇಬ್ಬರ ನಡುವೆ ಬಂದು ಕುಳಿತಂತಾಯಿತು.

"ಅಪ್ಪ, ಬೇಡವಾದರೆ ಬಿಟ್ಟುಬಿಡೋಣ" ಎಂದಳು ಮಗಳು.

"ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದು. ಓದಿ, ಆಮೇಲೆ ಒತ್ತು" ಎಂದರು ರಾಯರು.

ಅವಳು ಓದಿದಳು, ಒತ್ತಿದಳು, ಉಳಿಸಿದಳು. ವಿಂಡೋಸ್ ಎಂದಿನಂತೆ ಎದ್ದಿತು. ರಾಯರ ಕೈ ಮೇಜಿನ ಅಂಚನ್ನು ಬಿಟ್ಟಿತು.

ಎರಡನೆಯ ತೊಡಕು ಅವರಿಬ್ಬರಿಗೂ ಉಪಕಾರಿಯಾಯಿತು. ಕಾಲೇಜಿನವರು ಕೊಟ್ಟ ಹಾಳೆಯ ಕೊನೆಯಲ್ಲಿ ಅಂಕೆ ಅಕ್ಷರಗಳು ಕಲೆತ ಅರವತ್ತನಾಲ್ಕು ಚಿಹ್ನೆಗಳ ಒಂದು ಸಾಲು ಅಚ್ಚಾಗಿತ್ತು. ಅದು ಆ ಕಡತದ ಬೆರಳಚ್ಚು. ಕಡತ ಎಷ್ಟೇ ದೊಡ್ಡದಾಗಿರಲಿ, ಲೆಕ್ಕ ಹಾಕಿದರೆ ಸಾಲು ಅಷ್ಟೇ ಉದ್ದ. ಕಡತದಲ್ಲಿ ಒಂದೇ ಒಂದು ಬಿಂದು ಬದಲಾಗಿದ್ದರೂ ಸಾಲು ಪೂರ್ತಿ ಬೇರೆ. ಮಗಳು ಕಡತವನ್ನು ಕಂಪ್ಯೂಟರಿಗೆ ಇಳಿಸಿ ಬೆರಳಚ್ಚು ತೆಗೆದಳು.

ರಾಯರು ಕನ್ನಡಕ ಏರಿಸಿ, ಕೆಂಪು ಪೆನ್ಸಿಲನ್ನು ಕೈಗೆತ್ತಿಕೊಂಡರು. ಒಬ್ಬರು ಓದುವುದು, ಇನ್ನೊಬ್ಬರು ಗುರುತು ಹಾಕುವುದು ಬ್ಯಾಂಕಿನಲ್ಲಿ ಅವರು ಯೌವನವನ್ನೆಲ್ಲ ಸವೆಸಿದ ಕೆಲಸ. "ನಾಲ್ಕು ನಾಲ್ಕಾಗಿ ಓದು" ಎಂದರು. ಅವಳು ಮೊದಲ ನಾಲ್ಕನ್ನು ಓದಿದಳು. ರಾಯರ ಪೆನ್ಸಿಲು ಅಲ್ಲಿಯೇ ನಿಂತಿತು.

"ತಾಳೆಯಾಗುವುದಿಲ್ಲ."

ಗಾತ್ರವೇನೋ ಸರಿಯಾಗಿಯೇ ಕಾಣುತ್ತಿತ್ತು. ಮಗಳು ಸ್ವಲ್ಪ ಯೋಚಿಸಿ, ಪ್ರಯೋಗಶಾಲೆ ಮುಚ್ಚುವ ಹೊತ್ತಾಯಿತೆಂದು ತಾನು ಪೆನ್‌ಡ್ರೈವನ್ನು ಕ್ರಮವಾಗಿ ಬಿಡಿಸದೆ ಎಳೆದುಕೊಂಡು ಬಂದದ್ದನ್ನು ಒಪ್ಪಿಕೊಂಡಳು. ಅವಸರ ಇನ್ನೊಮ್ಮೆ ಕೈಕೊಟ್ಟಿತ್ತು. ಹೇಳುವಾಗ ಅವಳ ಮುಖ ಸಣ್ಣಗಾಯಿತು. ರಾಯರು ಮಾತ್ರ ಹಾಳೆಯ ಅಂಚಿನಲ್ಲಿ ತಾರೀಖು ಬರೆದು, 'ತಾಳೆಯಿಲ್ಲ' ಎಂದು ನಮೂದಿಸಿ, "ಸಿಕ್ಕಿತಲ್ಲ! ಸಿಕ್ಕಿದ ತಪ್ಪಿಗೆ ಯಾರೂ ಅಳುವುದಿಲ್ಲ. ಸೋಮವಾರ ಇನ್ನೊಂದು ಪ್ರತಿ ತೆಗೆದುಕೊಂಡು ಬಾ" ಎಂದರು.

ಸೋಮವಾರ ಸಂಜೆ ಹದಿನಾರು ಗುಂಪುಗಳಿಗೂ ಕೆಂಪು ಗುರುತು ಬಿದ್ದಿತು.

ಅಲ್ಲಿಂದ ಮುಂದಿನ ಕೆಲಸ ಸಲೀಸು. ಕಟ್ಟಿದ ಯಂತ್ರವನ್ನು ಆಮದು ಮಾಡಿಕೊಳ್ಳಬೇಕೆಂದು ವರ್ಚುವಲ್‌ಬಾಕ್ಸಿಗೆ ಹೇಳಿದರೆ ಅದು ಮೂಟೆಯನ್ನು ಬಿಚ್ಚಿ, ಒಳಗಿನ ಪಟ್ಟಿಯನ್ನು ಓದಿ, ಏನೇನು ಬೇಕೆಂದು ಕೇಳುತ್ತದೆ. ಮೆಮೊರಿ ಎಷ್ಟು ಕೊಡಬೇಕು? ಕಂಪ್ಯೂಟರಿನಲ್ಲಿ ಇದ್ದದ್ದು 8 ಜಿಬಿ. ಅರ್ಧಕ್ಕಿಂತ ಹೆಚ್ಚು ಕೊಟ್ಟರೆ ಹೊರಗಿನ ವಿಂಡೋಸ್ ಉಸಿರುಗಟ್ಟುತ್ತದೆ ಎಂದಳು ಮಗಳು. "ಬಂಡವಾಳವನ್ನೆಲ್ಲ ಸಾಲ ಕೊಟ್ಟು ಬ್ಯಾಂಕು ನಡೆಸಲಾಗುವುದಿಲ್ಲ" ಎಂದು ರಾಯರು 3 ಜಿಬಿ ಮಂಜೂರು ಮಾಡಿದರು. ಒಳಗಿನ ಡಿಸ್ಕು 40 ಜಿಬಿ ಎಂದು ಕಂಡಾಗ ಅವರ ಹುಬ್ಬು ಏರಿತು. ಅದು ಮಿತಿ ಮಾತ್ರ, ಈಗ ಹಿಡಿದಿರುವುದು 11 ಜಿಬಿ, ಬಳಸಿದಂತೆಲ್ಲ ಬೆಳೆಯುತ್ತದೆ ಎಂದಳು. "ಓವರ್‌ಡ್ರಾಫ್ಟು!" ಎಂದರು ರಾಯರು ಸಂತೋಷದಿಂದ. ಒಂದೇ ವ್ಯತ್ಯಾಸ: ಒಳಗೆ ಅಳಿಸಿದ ಮಾತ್ರಕ್ಕೆ ಹೊರಗಿನ ಕಡತ ತಾನಾಗಿ ಕುಗ್ಗುವುದಿಲ್ಲ. "ಹಾಗಾದರೆ ಅದೂ ಓವರ್‌ಡ್ರಾಫ್ಟಿನ ಹಾಗೆಯೇ" ಎಂದರು.

ಕಟ್ಟಿದ ಮನೆಯ ಬೀಗದ ಕೈಯ ಮಾತು ಇಲ್ಲಿಯೂ ಬಂದಿತು. ಒಂದೇ ಅಚ್ಚಿನಿಂದ ತೆಗೆದ ಯಂತ್ರವಾದುದರಿಂದ ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಹೆಸರು, ಒಂದೇ ಗುಪ್ತಪದ. ಅದು ಹಾಳೆಯ ಮೇಲೆಯೇ ಅಚ್ಚಾಗಿತ್ತು. ಯಂತ್ರ ಎದ್ದ ಕೂಡಲೇ ಮಗಳು ಮಾಡಿದ ಮೊದಲ ಕೆಲಸ ಅದನ್ನು ಬದಲಾಯಿಸಿದ್ದು. ಅವಳು ಟೈಪು ಮಾಡುತ್ತಿದ್ದರೂ ತೆರೆಯ ಮೇಲೆ ಒಂದು ಚುಕ್ಕಿಯೂ ಮೂಡದಿರುವುದನ್ನು ಕಂಡು ರಾಯರು, "ಕೀಲಿಮಣೆ ಕೆಟ್ಟಿತೇ?" ಎಂದು ಕೇಳಿದರು. ಅದು ಲಿನಕ್ಸಿನ ಮರ್ಯಾದೆ. ಗುಟ್ಟಿನ ಉದ್ದವನ್ನೂ ಅದು ಹೊರಗೆ ಬಿಡುವುದಿಲ್ಲ. ಎರಡನೆಯ ಕೆಲಸ, ಯಂತ್ರವನ್ನು ಕಟ್ಟಿದ ದಿನದಿಂದ ಇಂದಿನವರೆಗೆ ಬಂದ ತಿದ್ದುಪಡಿಗಳನ್ನೆಲ್ಲ ಇಳಿಸಿಕೊಂಡದ್ದು. ಬಹಳ ದಿನ ಬೀಗ ಹಾಕಿದ್ದ ಮನೆಗೆ ಗುಡಿಸಿ ಸಾರಿಸಿದಂತೆ.

"ಈ ಮನೆಗೂ ನಮ್ಮ ಮನೆಗೂ ನಡುವೆ ಕಿಟಕಿ ಏನಾದರೂ ಇದೆಯೇ?" ಎಂದು ರಾಯರು ಕೇಳಿದರು.

ಪ್ರಶ್ನೆ ಸೂಕ್ಷ್ಮವಾದುದೇ. ಹೊರಗಿನ ಕಡತಗಳನ್ನು ಒಳಗಿನ ಯಂತ್ರಕ್ಕೂ ತೋರಿಸುವ ಹಂಚಿಕೆಯ ಸೌಲಭ್ಯವೊಂದಿದೆ. ಅದನ್ನು ತೆರೆದಿಟ್ಟರೆ ಒಳಗಿನ ತಪ್ಪು ಹೊರಕ್ಕೂ ಕೈಚಾಚಬಹುದು. ಮಗಳು ಆ ಪುಟವನ್ನು ತೆರೆದು, ಅಲ್ಲಿ ಏನೂ ಇಲ್ಲವೆಂಬುದನ್ನು ತಂದೆಗೆ ತೋರಿಸಿದಳು. ಜಾಲಸಂಪರ್ಕವೂ ಒಳಗಿನವರು ಹೊರಗೆ ಹೋಗಬಹುದಾದ, ಹೊರಗಿನವರು ನೇರವಾಗಿ ನುಗ್ಗಲಾಗದ ಬಗೆಯದು.

ಬಳಿಕ ಅವಳು ಯಂತ್ರವನ್ನು ನಿಲ್ಲಿಸಿ, ಸ್ನ್ಯಾಪ್‌ಶಾಟ್ ಎಂಬುದನ್ನು ತೆಗೆದಳು. ಇದು ಬರಿಯ ಚಿತ್ರವಲ್ಲ. ಆ ಗಳಿಗೆಯಲ್ಲಿ ಯಂತ್ರ ಹೇಗಿತ್ತೋ ಹಾಗೆಯೇ ಗುರುತಿಟ್ಟುಕೊಳ್ಳುವ ಕ್ರಮ. ಮುಂದಿನ ಬದಲಾವಣೆಗಳೆಲ್ಲ ಬೇರೆಯಾಗಿ ದಾಖಲಾಗುತ್ತವೆ, ಬೇಡವೆಂದರೆ ಅವನ್ನು ಬಿಸುಟು ಹಳೆಯ ಗಳಿಗೆಗೆ ಹಿಂದಿರುಗಬಹುದು.

"ಅಪ್ಪ, ಈಗ ನೋಡುತ್ತಿರಿ" ಎಂದಳು. ಯಂತ್ರವನ್ನು ಮತ್ತೆ ಎಬ್ಬಿಸಿ, ಒಳಗಿರುವುದನ್ನೆಲ್ಲ ಬುಡದಿಂದ ಅಳಿಸುವ ಆಜ್ಞೆಯನ್ನು ಕೊಟ್ಟಳು. ಸಾಲುಸಾಲಾಗಿ ಎಚ್ಚರಿಕೆಗಳು ಹರಿದವು. ತೆರೆ ತಬ್ಬಿಬ್ಬಾಯಿತು. ಮತ್ತೆ ಎಬ್ಬಿಸಿದರೆ ಏಳಲಿಲ್ಲ. ಕಪ್ಪು ತೆರೆಯ ಮೇಲೆ ಎರಡು ಸಾಲು ಗೋಳಾಡಿ ನಿಂತಿತು. ರಾಯರು ಉಸಿರು ಹಿಡಿದು ನೋಡುತ್ತಿದ್ದರು. ಅವಳು ಅದನ್ನು ಆರಿಸಿ, ಹಿಂದಿನ ಗಳಿಗೆಯನ್ನು ಹಿಂದಕ್ಕೆ ಕರೆದಳು. ಒಂದೆರಡು ನಿಮಿಷದಲ್ಲಿ ಯಂತ್ರ ಏನೂ ಆಗಿಲ್ಲವೆಂಬಂತೆ ಎದ್ದು ನಗುತ್ತಿತ್ತು. ಕಿಟಕಿಯನ್ನು ಕಿರಿದು ಮಾಡಿದಳು. ವಿಂಡೋಸ್ ಇತ್ತು, ರಸೀದಿಗಳಿದ್ದವು, ಜಾತಕವೂ ಇತ್ತು.

ಹಜಾರದಲ್ಲಿ ಸ್ವಲ್ಪ ಹೊತ್ತು ಗಡಿಯಾರದ ಸದ್ದೊಂದೇ ಕೇಳಿಸುತ್ತಿತ್ತು.

"ಇದು ಆಗಲೇ ಇದ್ದಿದ್ದರೆ..." ಎಂದರು ರಾಯರು.

"ಆಗಲೂ ಇತ್ತು ಅಪ್ಪ. ನನಗೆ ಗೊತ್ತಿರಲಿಲ್ಲ."

ರಾಯರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಬ್ಯಾಂಕಿನಲ್ಲಿ ದಿನಾ ಸಂಜೆ ಲೆಕ್ಕದ ನಕಲು ತೆಗೆಸಿ, ಸಹಿ ಹಾಕಿ, ಬೇರೆ ಕಡೆ ಇರಿಸದೆ ನಾನು ಬಾಗಿಲು ಹಾಕಿದವನಲ್ಲ. ಪರರ ದುಡ್ಡಿಗೆ ಎರಡು ಪ್ರತಿ. ನಮ್ಮಮ್ಮನ ಹಾಡಿಗೆ ಒಂದೇ ಪ್ರತಿ. ನೀನು ಒತ್ತಿದ್ದು ಒಂದು ಗುಂಡಿ. ಅದಕ್ಕೆ ಮೊದಲಿನ ತಪ್ಪು ನನ್ನದಮ್ಮ. ಅದನ್ನು ನಾನು ಅಂದೇ ಹೇಳಬೇಕಾಗಿತ್ತು."

ನಾಲ್ಕು ವರ್ಷದಿಂದ ಆ ಹುಡುಗಿ ಕಾದಿದ್ದು ಕ್ಷಮೆಗೋ ಶಿಕ್ಷೆಗೋ ಅವಳಿಗೂ ತಿಳಿದಿರಲಿಲ್ಲ. ಅಂತೂ ಕಣ್ಣು ಒರೆಸಿಕೊಂಡಳು. ಮರುಗಳಿಗೆಯಲ್ಲಿಯೇ ಓದಿದ ವಿದ್ಯೆ ಮೇಲೆದ್ದು, ಸ್ನ್ಯಾಪ್‌ಶಾಟನ್ನು ನಕಲು ಎಂದು ನಂಬಿಕೊಳ್ಳಬಾರದು, ಅದೂ ಇದೇ ಡಿಸ್ಕಿನಲ್ಲಿ ಇರುವುದರಿಂದ ಡಿಸ್ಕು ಸತ್ತರೆ ಅದೂ ಸಾಯುತ್ತದೆ ಎಂದು ತಂದೆಗೆ ಪಾಠ ಹೇಳಿದಳು. ಮರುದಿನ ರಾಯರು ಬೇರೊಂದು ಡಿಸ್ಕನ್ನು ಕೊಂಡುತಂದರು.

ಬಾಳಿಗೆ ಸ್ನ್ಯಾಪ್‌ಶಾಟ್ ಇಲ್ಲ. ಆಡಿದ ಮಾತನ್ನು, ಆಡದೆ ನುಂಗಿದ ಮಾತನ್ನು ಹಿಂದಕ್ಕೆ ಕರೆಯುವ ಗುಂಡಿಯೂ ಇಲ್ಲ. ಆದರೆ ಎಳೆಯರು ಕೈಯಾಡಿಸಿ, ಕೆಡಿಸಿ, ಮತ್ತೆ ಕಟ್ಟಿ ಕಲಿಯಲು ಒಂದು ಕೋಣೆಯನ್ನು ಬಿಟ್ಟುಕೊಡುವುದು ಹಿರಿಯರ ಕೈಯಲ್ಲಿದೆ. ಆ ಕೋಣೆಯಿಲ್ಲದ ಮನೆಯಲ್ಲಿ ಅವರು ಒಂದೋ ಕಲಿಯುವುದಿಲ್ಲ, ಇಲ್ಲವೇ ನಡುಮನೆಯಲ್ಲಿಯೇ ತಪ್ಪು ಮಾಡುತ್ತಾರೆ.

ಅದೇ ಭಾನುವಾರ ಮಧ್ಯಾಹ್ನ ರಾಯರ ಪತ್ನಿ ಎಲೆಯಡಿಕೆಯ ತಟ್ಟೆಯನ್ನು ಸರಿಸಿ, ಅತ್ತೆಯಿಂದ ಕಲಿತ ಹಾಡುಗಳನ್ನು ಹಾಡಲು ಕುಳಿತರು. ನಲವತ್ತೊಂದರಲ್ಲಿ ಅವರಿಗೆ ಬರುತ್ತಿದ್ದದ್ದು ಏಳು. ಅವುಗಳಲ್ಲಿ ಎರಡರ ಕೊನೆಯ ನುಡಿ ಮರೆತಿತ್ತು. ಮರೆತಲ್ಲಿ ನಿಲ್ಲಿಸಿದರು, ಬೇರೆ ಮಾತು ಸೇರಿಸಲಿಲ್ಲ. ಮಗಳು ಹಿಡಿದಳು. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಹೊಸ ಡಿಸ್ಕಿನಲ್ಲಿ, ಮೂರನೆಯದು ಬೆಂಗಳೂರಿನ ಅತ್ತೆಯ ಮನೆಯಲ್ಲಿ. ರಾಯರು ತಮ್ಮ ಹಳೆಯ ಡೈರಿಯಲ್ಲಿ ಮೂರನ್ನೂ ನಮೂದಿಸಿ ಸಹಿ ಹಾಕಿದರು.

ಎಲ್ಲ ಮುಗಿದ ಮೇಲೆ, ಅಷ್ಟು ದಿನ ಬಾಯಿಗೆ ಬಾರದಿದ್ದ ಮಾತನ್ನು ತಂದರು: "ಕಂಪ್ಯೂಟರಿನ ಗುಪ್ತಪದ ಬರೆದುಕೋಮ್ಮ. ಅದು..."

"ಅಜ್ಜಿಯ ಹೆಸರು" ಎಂದಳು ಮಗಳು. "ಬಹಳ ಸುಲಭವಾಗಿದೆ ಅಪ್ಪ, ಬದಲಾಯಿಸಬೇಕು. ನೀವು ಹಾಕಿದ ವಾರವೇ ನಾನು ಊಹಿಸಿದ್ದೆ."

"ಮತ್ತೆ ಒಂದು ದಿನವೂ ತೆರೆಯಲಿಲ್ಲವೇ?"

"ನೀವಾಗಿ ಕೊಟ್ಟಿರಲಿಲ್ಲವಲ್ಲ" ಎಂದಳು.